ಅದು ಮಲಗ್ತಾ?

ಅವಳ ಚಿಂತೆಗಳಿಗೆಲ್ಲ ಟೋಕನ್ ಕೊಟ್ಟು ಸಾಲಾಗಿ ಕೂರಿಸಿದ್ದರೆ ಒಂದು ದೊಡ್ಡಾಸ್ಪತ್ರೆಯ ವರಾಂಡವೇ ಭರ್ತಿಯಾಗುತ್ತಿತ್ತು. ಗ್ಯಾಸ್ ಆರಿಸಿದೆನೋ ಇಲ್ಲವೋ. ಬಚ್ಚಲಿನ ಬಕೆಟ್ಟಿನಲ್ಲಿ ನೀರು ಉಳಿದಿದೆಯೋ ಏನೋ, ಮಗು ಅಂಬೆಗಾಲಿಟ್ಟುಕೊಂಡು ಅತ್ತ ಹೋದರೆ ಏನು ಗತಿ. ಅಂಗಿಯ ಗುಂಡಿಯೊಂದು ಸಡಿಲವಾಗಿತ್ತಲ್ಲ, ಅದು ಬಿದ್ದು ಮಗುವಿನ ಬಾಯಿ ಸೇರಿದ್ದರೆ. ಇವೆಲ್ಲ ಬಂದು ಹೋಗುವ ಗಿರಾಕಿಗಳು. ಒಂದು ಚಿಂತೆ ಮಾತ್ರ ಕುರ್ಚಿ ಎಳೆದುಕೊಂಡು ಕಾಯಂ ಆಗಿ ಕೂತುಬಿಟ್ಟಿತ್ತು: ಮನೆಯಲ್ಲಿ ಏನೋ ಆಗಿ, ಅತ್ತೆ ಗಾಬರಿಯಲ್ಲಿ ಫೋನ್ ಮಾಡಿ, ಆ ಫೋನು ತನಗೆ ತಲುಪದೇ ಹೋದರೆ?

ತಮಾಷೆಯೆಂದರೆ, ಫೋನು ತಲುಪಿಸುವುದೇ ಅವಳ ಕೆಲಸ. ಇಂಟರ್ನೆಟ್ಟಿನ ಮೇಲೆ ಫೋನ್ ಕರೆ ಓಡಿಸುವ ಒಂದು ಸಣ್ಣ ಕಂಪನಿ ಅದು. ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ಒಂದು ಸೋಫಾ, ಸದಾ ಗುಂಯ್‌ಗುಡುವ ಎರಡು ಸರ್ವರ್. ಅಂಗಡಿ, ಹಾಸ್ಟೆಲ್, ದವಾಖಾನೆಗಳಿಗೆಲ್ಲ ಇಲ್ಲಿಂದಲೇ ಫೋನ್ ಸಂಪರ್ಕ. ಇಂಥ ಕಂಪನಿಯೊಳಗೆ ಮೊಬೈಲ್ ಸಿಗ್ನಲ್ ಮಾತ್ರ ಕಿಟಕಿಯ ಹೊರಗೆ ತಲೆ ಹಾಕಿದವರಿಗಷ್ಟೇ ಸಿಗುತ್ತಿತ್ತು. ಅವಳ ಮೇಜು ಕಿಟಕಿಯಿಂದ ದೂರ. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಯಾವುದೋ ಕಟ್ಟಡದ ಬಾವಿಯಂಥ ಗುಂಡಿಯಲ್ಲಿ ಇಳಿದಿರುತ್ತಿದ್ದ. ಅವನಿಗೆ ಫೋನ್ ಮಾಡುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ.

ಅವಳು ಫೋನೆತ್ತಿದರೆ ‘ಹಲೋ’ ಎನ್ನುವ ಮೊದಲು ‘ಅಯ್ಯೋ’ ಎನ್ನುತ್ತಿದ್ದಳು. ‘ಅಯ್ಯೋ, ಹಲೋ, ಏನಾಯ್ತು?’ ಇದು ಗಿರಾಕಿಗಳಿಗೂ ರೂಢಿಯಾಗಿ, ‘ಅಯ್ಯೋ ಮೇಡಂಗೆ ಕೊಡಿ’ ಎಂದೇ ಕೇಳುತ್ತಿದ್ದರು. ಹೆಸರು ಹಾಗೇ ನಿಂತಿತು.

ಅಯ್ಯೋ ಮೇಡಂ ನೋಡಿಕೊಳ್ಳುತ್ತಿದ್ದುದು ಸಿಪ್ ಪ್ರಾಕ್ಸಿಯನ್ನು. ಅದೇನೆಂದು ಅತ್ತೆಗೆ ಬಿಡಿಸಿ ಹೇಳಲು ಅವಳು ಒಂದು ಇಡೀ ಭಾನುವಾರ ಹೆಣಗಿದ್ದಳು. "ಹಾಸ್ಟೆಲ್ ಗೇಟಲ್ಲಿ ವಾಚ್‌ಮನ್ ಇರ್ತಾನಲ್ಲ ಅತ್ತೆ, ಹಾಗೆ. ಯಾರು ಫೋನ್ ಮಾಡಿದ್ರೂ ಮೊದಲು ಅವನ ಹತ್ರ ಬರುತ್ತೆ. ‘ಯಾರು ನೀನು?’ ಅಂತಾನೆ. ಹೆಸರು ಹೇಳಿದ್ರೆ ಸಾಲದು, ಹೆಸರು ಯಾರು ಬೇಕಾದ್ರೂ ಹೇಳ್ಬಹುದು. ಅದಕ್ಕೆ ಅವನು ಒಂದು ಒಗಟು ಕೇಳ್ತಾನೆ, ಪ್ರತಿ ಸಲ ಹೊಸದು. ಪಾಸ್‌ವರ್ಡ್ ಗೊತ್ತಿರೋ ಫೋನಿಗೆ ಮಾತ್ರ ಅದಕ್ಕೆ ಉತ್ತರ ಗೊತ್ತಾಗುತ್ತೆ. ಉತ್ತರ ಸರಿ ಇದ್ರೆ ಹೆಸರು ಬರ್ಕೊಂಡು ಒಳಗೆ ಬಿಡ್ತಾನೆ. ಆ ಹೆಸರಿಗೇ ಬಿಲ್ಲು ಹೋಗುತ್ತೆ."

ಅತ್ತೆ ಎಲ್ಲ ಕೇಳಿಸಿಕೊಂಡು, "ಇಷ್ಟು ಓದಿ ಕೊನೆಗೆ ಗೇಟು ಕಾಯೋ ಕೆಲಸ ಅನ್ನು" ಎಂದಿದ್ದರು.

ಬಿಲ್ಲಿನ ಭಾಗ ನೋಡಿಕೊಳ್ಳುತ್ತಿದ್ದವನಿಗೆ ಆಫೀಸಿನಲ್ಲಿ ‘ಚಿಲ್ಲರೆ’ ಎಂದು ಹೆಸರು. ಅರ್ಧ ನಿಮಿಷದ ಲೆಕ್ಕ ತಪ್ಪಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಇವರಿಬ್ಬರ ಮೇಲೆ ಯಜಮಾನರು. ಹೆರಿಗೆ ರಜೆ ಮುಗಿಸಿ ಅವಳು ಮರಳಿ ಬಂದಾಗ ಅವರು ಕುರ್ಚಿಯಲ್ಲಿ ಒರಗಿ ಒಂದೇ ಮಾತು ಹೇಳಿದ್ದರು. "ನೋಡಮ್ಮಾ, ಕೆಲಸ ಇದೆ, ಬಾ. ಆದ್ರೆ ಮಗು ನೆಪ ನನ್ನ ಹತ್ರ ನಡೆಯಲ್ಲ. ಮಗುವಿನ ಹೆಸರು ಹೇಳ್ಕೊಂಡು ಕೆಲಸ ಕೆಡ್ತು ಅಂತ ಒಂದು ಸಲ ಕಿವಿಗೆ ಬಿದ್ರೆ, ಅವತ್ತೇ ಮನೆಗೆ." ಆ ಕೆಲಸ ಹೋದರೆ ಇನ್ನೊಂದು ಸಿಗುವುದು ಎಷ್ಟು ಕಷ್ಟವೆಂದು ರಜೆಯಲ್ಲಿ ಹತ್ತಾರು ಕಡೆ ಅರ್ಜಿ ಹಾಕಿ ನೋಡಿದ್ದವಳಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ಕಡೆಯೂ ನಗುನಗುತ್ತಾ ‘ಮಗು ಇನ್ನೂ ಚಿಕ್ಕದಾ?’ ಎಂದು ಕೇಳಿ, ನಗುನಗುತ್ತಾ ಬಾಗಿಲು ಹಾಕಿದ್ದರು.

ಹಾಗಾಗಿ ಮಗುವಿನ ಸುದ್ದಿ ಆಫೀಸಿನೊಳಗೆ ಬರುವ ಹಾಗಿರಲಿಲ್ಲ. ಅಮ್ಮನಿಗೆ ಮಾತ್ರ ಗುಟ್ಟಾಗಿ ತಲುಪುತ್ತಿರಬೇಕಿತ್ತು. ಅವಳು ಅತ್ತೆಯ ಮೊಬೈಲಿಗೆ ಕಂಪನಿಯ ಆ್ಯಪ್ ಹಾಕಿ, ಮನೆಯ ವೈಫೈ ಮೇಲೆ ನೇರ ತನ್ನ ಮೇಜಿನ ಫೋನಿಗೆ ಬರುವ ಹಾಗೆ ಒಂದು ಪುಟ್ಟ ಖಾತೆ ಮಾಡಿಕೊಟ್ಟಳು. ಆ ಖಾತೆಯಿಂದ ಬೇರೆ ಯಾವ ನಂಬರಿಗೂ ಕರೆ ಹೋಗುತ್ತಿರಲಿಲ್ಲ. ವಾಚ್‌ಮನ್ ಅಷ್ಟು ಕಟ್ಟುನಿಟ್ಟು.

ಎಲ್ಲ ಸರಿಯಿತ್ತು, ಅತ್ತೆ ಮೊಬೈಲಿನಲ್ಲಿ ಜಾಗ ಮಾಡಲು ಹೊರಡುವ ತನಕ. ಮಗು ಮೂಗಿನಲ್ಲಿ ಬೆರಳಿಟ್ಟುಕೊಂಡ ಚಿತ್ರ, ಬೆರಳು ತೆಗೆದ ಚಿತ್ರ, ಮತ್ತೆ ಇಟ್ಟುಕೊಂಡ ಚಿತ್ರ, ಹೀಗೆ ಮೊಬೈಲು ತುಂಬಿ ತುಳುಕುತ್ತಿತ್ತು. ಚಿತ್ರ ಅಳಿಸಲು ಮನಸ್ಸು ಬಾರದೆ ಅವರು ಆ್ಯಪ್ ಅಳಿಸಿದರು. ಆಮೇಲೆ ಜ್ಞಾನೋದಯವಾಗಿ, ಮೇಲಿನ ಮನೆಯಾಕೆಯಿಂದ ಮತ್ತೆ ಹಾಕಿಸಿಕೊಂಡು, ಪಾಸ್‌ವರ್ಡನ್ನು ಬಾಯಿಪಾಠ ಒಪ್ಪಿಸಿ ಬರೆಸಿದರು.

ಮರುದಿನವೇ ಮಗುವಿಗೆ ಮೈ ಕೆಂಡ. ಅತ್ತೆ ಫೋನ್ ಒತ್ತಿದರು. ವಾಚ್‌ಮನ್ ‘ಆಗಲ್ಲ’ ಎಂದ. ಮತ್ತೆ ಒತ್ತಿದರು, ಮತ್ತೆ ‘ಆಗಲ್ಲ’. ಕೊನೆಗೆ ಮೇಲಿನ ಮನೆಯಾಕೆಯ ಸ್ಕೂಟರಿನ ಹಿಂದೆ ಮಗುವನ್ನು ಅವಚಿಕೊಂಡು ಕೂತು ಡಾಕ್ಟರ ಹತ್ತಿರ ಹೋಗಿ, ಔಷಧಿ ಕುಡಿಸಿ, ಜ್ವರ ಇಳಿಸಿ, ಮನೆಗೆ ಬಂದು, ಪಾತ್ರೆಯನ್ನೂ ತೊಳೆದಿಟ್ಟಿದ್ದರು. ಸಂಜೆ ಸೊಸೆ ಬಾಗಿಲು ದೂಡಿದಾಗ ಮಗು ಕಿಲಕಿಲ ನಗುತ್ತಿತ್ತು.

"ನಿನ್ನ ವಾಚ್‌ಮನ್‌ಗೆ ನನ್ನ ಗುರುತೇ ಇಲ್ವಂತೆ ಕಣೇ," ಎಂದರು ಅತ್ತೆ ಕೈ ಒರೆಸಿಕೊಳ್ಳುತ್ತಾ. "ಅಳೋ ಮಗುನ ತೋರಿಸ್ದೆ. ಆಗ್ಲೂ ಬಿಡ್ಲಿಲ್ಲ."

ಅವಳು ನಗುವ ಮಗುವನ್ನು ತಬ್ಬಿಕೊಂಡು ಎಷ್ಟು ಅತ್ತಳೆಂದರೆ, ಇದೇನೋ ಅಳುವ ಸಂದರ್ಭವೇ ಇರಬೇಕೆಂದು ಮಗುವೂ ಶುರುಮಾಡಿತು.

ಬೇರೆ ಯಾವ ಸೊಸೆಯಾದರೂ ಆ ಸಂಜೆ ಪಾಸ್‌ವರ್ಡನ್ನು ಇನ್ನೊಮ್ಮೆ ಬರೆದು ನೋಡುತ್ತಿದ್ದಳು. ಅಯ್ಯೋ ಮೇಡಂ ಹಾಗೆ ಮಾಡಲಿಲ್ಲ. ಪಾಸ್‌ವರ್ಡ್ ಇವತ್ತು ಕೈಕೊಟ್ಟಿತು, ನಾಳೆಯೂ ಕೊಡಬಹುದು, ಪಾಸ್‌ವರ್ಡೇ ಬೇಡ. ಬೆಳಿಗ್ಗೆ ಉಳಿದವರಿಗಿಂತ ಮೊದಲು ಆಫೀಸಿಗೆ ಹೋಗಿ, ಪ್ರಾಕ್ಸಿಗೆ ಒಂದು ಸಾಲಿನ ಆಜ್ಞೆ ಬರೆದಳು: ನಮ್ಮ ಮನೆಯ ಇಂಟರ್ನೆಟ್ ವಿಳಾಸದಿಂದ ಯಾವ ಕರೆ ಬಂದರೂ ಏನೂ ಕೇಳದೆ ಬಿಡು. ವಾಚ್‌ಮನ್ ‘ಆಯ್ತಮ್ಮಾ’ ಎಂದ. ಎದೆಯ ಮೇಲಿನ ಬಂಡೆ ಇಳಿಯಿತು. ಪರೀಕ್ಷೆಗೆಂದು ಅತ್ತೆಯಿಂದ ಒಂದು ಫೋನ್ ಮಾಡಿಸಿದಳು. ಟ್ರಿಣ್ ಎಂದಿತು. ಆಹಾ.

ಆ ಸಾಲು ಬರೆಯುವಾಗ ಅವಳಿಗೆ ಹೊಳೆಯದಿದ್ದುದು ಇಷ್ಟೇ. ‘ಯಾರು ನೀನು’ ಎಂದು ಕೇಳದೇ ಬಿಟ್ಟರೆ ಬರೆದುಕೊಳ್ಳಲು ಹೆಸರಿರುವುದಿಲ್ಲ. ಹೆಸರಿಲ್ಲದವರಿಗೆ ‘ಆ ನಂಬರಿಗೆ ಮಾಡಬೇಡ, ಈ ನಂಬರಿಗೆ ಮಾಡಬೇಡ’ ಎಂಬ ಕಟ್ಟಳೆಯೂ ಇರುವುದಿಲ್ಲ. ಬಿಲ್ಲಿನ ಯಂತ್ರವೋ, ಚಿಲ್ಲರೆಯ ಹಾಗೆಯೇ ಏನನ್ನೂ ಸುಮ್ಮನೆ ಬಿಡುವ ಜಾಯಮಾನದ್ದಲ್ಲ.

ಕೆಲವು ವಾರ ಅವಳಷ್ಟು ನೆಮ್ಮದಿಯ ಹೆಂಗಸು ಇರಲಿಲ್ಲ. ಊಟದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡುತ್ತಿದ್ದಳು. ಫೋನೆತ್ತಿ ಒಂದೆರಡು ಸಲ ಬರೀ ‘ಹಲೋ’ ಎಂದದ್ದೂ ಉಂಟು. ಆಮೇಲೆ ಒಂದು ಮಂಗಳವಾರ ಮೆಟ್ಟಿಲು ಹತ್ತಿ ಬಂದಾಗ ಚಿಲ್ಲರೆ ಬಾಗಿಲಲ್ಲೇ ಅಡ್ಡ ನಿಂತಿದ್ದ, ಮುಖದ ತುಂಬ ಹಬ್ಬ.

"ಅಯ್ಯೋ ಮೇಡಂ, ಒಳಗೆ ಹೋಗ್ಬೇಡಿ. ಸಾರ್ ಇನ್ನೂ ಎದ್ದಿಲ್ಲ."

"ಎದ್ದಿಲ್ಲ ಅಂದ್ರೆ? ಇಲ್ಲೇ ಮಲಗಿದ್ರಾ?"

"ಸೋಫಾ ಮೇಲೆ. ದಿಂಬು ಮಾತ್ರ ಮನೇದು. ದಿಂಬನ್ನೂ ಅವರನ್ನೂ ಒಟ್ಟಿಗೇ ಹೊರಗೆ ಹಾಕಿದಾರೆ ಮೇಡಂ."

"ಅಯ್ಯೋ! ಯಾಕೆ?"

ಚಿಲ್ಲರೆ ಅವಳನ್ನು ಮೆಟ್ಟಿಲ ಮೂಲೆಗೆ ಎಳೆದುಕೊಂಡು ಹೋದ. ಕೆಳಗೆ ಹಾಸಿಗೆ ಅಂಗಡಿಯವನು ಹತ್ತಿ ಬಡಿಯುತ್ತಿದ್ದ. ಆ ಸದ್ದಿನ ಮರೆಯಲ್ಲಿ ಕತೆ ಹೊರಬಂತು.

ಗಿರಾಕಿಗಳನ್ನು ಖುಷಿಪಡಿಸಲೆಂದು ಯಜಮಾನರೇ ತಲೆ ಓಡಿಸಿ ಕಂಡುಹಿಡಿದ ಒಂದು ಸೌಲಭ್ಯವಿತ್ತು. ಪ್ರತಿ ಸೋಮವಾರ ಎಲ್ಲ ಗಿರಾಕಿಗಳ ಮೊಬೈಲಿಗೂ ಒಂದು ಮೆಸೇಜು ಹೋಗುತ್ತಿತ್ತು: ‘ಕಳೆದ ವಾರ ನಿಮ್ಮ ಹೃದಯಕ್ಕೆ ಅತಿ ಹತ್ತಿರವಾದ ಸಂಖ್ಯೆ’, ಅದರ ಕೆಳಗೆ ಅತಿ ಹೆಚ್ಚು ಹೊತ್ತು ಮಾತಾಡಿದ ನಂಬರು. ದವಾಖಾನೆಗಳಿಗೆ ಔಷಧಿ ಅಂಗಡಿಯೂ ಹಾಸ್ಟೆಲಿಗೆ ಗ್ಯಾಸಿನವನೂ ಹೃದಯಕ್ಕೆ ಹತ್ತಿರವಾಗಿ ಎಲ್ಲರೂ ನಕ್ಕು ಸುಮ್ಮನಾಗುತ್ತಿದ್ದರು. ಯಜಮಾನರ ಮನೆಯಲ್ಲಿಯೂ ಕಂಪನಿಯ ಫೋನೊಂದಿತ್ತು. ಅದು ಖಾತೆ ನಂಬರ್ ಒಂದು. ಕಂಪನಿ ಶುರುವಾದ ದಿನ ಅದನ್ನು ತೆರೆದಾಗ, ಯಾವ ಅಮಲಿನಲ್ಲಿಯೋ, ಮೆಸೇಜು ಹೋಗಬೇಕಾದ ಜಾಗದಲ್ಲಿ ಹೆಂಡತಿಯ ಮೊಬೈಲ್ ನಂಬರು ಬರೆದಿದ್ದರು.

"ಹೋದ ವಾರ ಯಜಮಾನಿತಿಗೆ ಒಂದು ಮೆಸೇಜು ಬಂತು. ಗುರುತಿಲ್ಲದ ನಂಬರು. ಸಾರ್ ‘ಏನೋ ತಪ್ಪಾಗಿರ್ಬೇಕು ಬಿಡೇ’ ಅಂದ್ರು. ನಿನ್ನೆ ಮತ್ತೆ ಬಂತು. ಅದೇ ನಂಬರು. ಅದೇ ಹೃದಯ! ಯಜಮಾನಿತಿ ಸುಮ್ನಿರ್ತಾರಾ? ಮನೆ ಫೋನ್ ಎತ್ತಿ ಆ ನಂಬರ್ ಒತ್ತೇ ಬಿಟ್ರು." ಚಿಲ್ಲರೆ ಕೈಯನ್ನೇ ಫೋನು ಮಾಡಿ ಕಿವಿಗಿಟ್ಟುಕೊಂಡು ಹೆಂಗಸಿನ ದನಿ ತೆಗೆದ. "ಆ ಕಡೆಯಿಂದ ಜೇನು ಸುರಿದ ಹಾಗೆ ಒಂದು ದನಿ: ‘ಬಂದ್ಯಾ? ಅದು ಮಲಗ್ತಾ?’"

"ಅದು?"

"ಅದು! ಯಜಮಾನಿತಿ ಉಸಿರೆತ್ತಲಿಲ್ಲ. ಆ ಕಡೆಯೋಳು ಬಿಡ್ತಾಳಾ? ‘ಯಾಕೆ ಮಾತಾಡ್ತಿಲ್ಲ? ಎದ್ದಿದ್ಯಾ ಇನ್ನೂ? ಅದು ಎದ್ದಿದ್ರೆ ನಮ್ಮನ್ನ ಎಲ್ಲಿ ಮಾತಾಡೋಕೆ ಬಿಡುತ್ತೆ, ಪಿಶಾಚಿ! ಹೊಟ್ಟೆ ತುಂಬ ತಿನ್ನಿಸು, ಬಿದ್ಕೊಳ್ಳುತ್ತೆ.’ ಸಾರ್ ಬೇರೆ ಹೆಂಗಸಿನ ಜೊತೆ ಮಾತಾಡಿದ್ರು ಅನ್ನೋದಕ್ಕಿಂತ, ತನ್ನನ್ನ ‘ಅದು’ ಅಂದ್ರು ಅನ್ನೋದಕ್ಕೇ ಉರಿ ಹತ್ತಿರೋದು. ‘ನಾನು ಅದಾ? ಹೇಳ್ರೀ, ನಾನು ಅದಾ?’ ಅಂತ ಇಡೀ ಬೀದಿಗೆ ಕೇಳೋ ಹಾಗೆ ಕೇಳಿದ್ರಂತೆ. ಸಾರ್‌ಗೆ ಉತ್ತರ ಹೇಳೋಕೂ ಆಗದೆ, ದಿಂಬು ಸಿಕ್ಕಿದ್ದೇ ಪುಣ್ಯ ಅಂತ ಬಂದಿದಾರೆ."

ಅಯ್ಯೋ ಮೇಡಂ ಕೂಡ ನಕ್ಕಳು. ಪಾಪ, ಮನಸಾರೆ ನಕ್ಕಳು.

ಆ ನಗು ಒಳಗೆ ಹೋಗಿ ಕುರ್ಚಿಯಲ್ಲಿ ಕೂರುವವರೆಗೆ ಬಾಳಿತು. ಯಜಮಾನರು ಎದ್ದು ಬಂದರು. ಕೆನ್ನೆಯ ಮೇಲೆ ಸೋಫಾದ ಹೊಲಿಗೆಯ ಗುರುತು ಅಚ್ಚೊತ್ತಿತ್ತು.

"ನನ್ನ ಹೆಸರಲ್ಲಿ ಯಾವನೋ ಸರಸ ಆಡ್ತಿದಾನೆ, ಪೆಟ್ಟು ನಾನು ತಿಂತಿದೀನಿ!" ಎಂದು ಮೇಜು ಗುದ್ದಿದರು. "ಹುಡುಕಿ ಕೊಡಿ. ನಾಳೆ ಹೊರಗಿನಿಂದ ಒಬ್ಬ ಪರಿಣತನನ್ನೂ ಕರೆಸ್ತಿದೀನಿ. ಪ್ರಾಕ್ಸಿ ಹೊಟ್ಟೆ ಬಗೆದು ನೋಡ್ತಾನೆ. ಒಳಗಿನೋರ ಕೆಲಸ ಅಂತ ಗೊತ್ತಾದ್ರೆ ಅವರು ಅವತ್ತೇ ಮನೆಗೆ, ಹೇಳಿದೀನಿ."

ಚಿಲ್ಲರೆ ಕರೆಗಳ ಪಟ್ಟಿ ತೆರೆದ. ಮಧ್ಯಾಹ್ನ ಮಧ್ಯಾಹ್ನ, ಒಂದೊಂದೂ ಮೈಲುದ್ದದ ಕರೆ. ಅವನು ಹುಬ್ಬು ಗಂಟು ಹಾಕಿದ. "ಮೇಡಂ, ಇಲ್ಲಿ ಮಾಡಿದೋರ ಹೆಸರೇ ಇಲ್ಲ. ಖಾಲಿ. ಹೆಸರು ಖಾಲಿ ಇದ್ರೆ ನನ್ನ ಬಿಲ್ಲು ಹೋಗಿ ಮೊದಲನೇ ಖಾತೆ ಮೇಲೆ ಕೂರುತ್ತೆ. ಸಾರ್ ಖಾತೆ. ಆ ಕಡೆಯೋರಿಗೆ ಕಾಣೋ ನಂಬರೂ ಸಾರ್ ಮನೆ ಫೋನಿಂದೇ. ಆದ್ರೆ ಹೆಸರು ಕೇಳದೆ ಒಳಗೆ ಬಿಟ್ಟಿದ್ದು ಯಾರು? ನಿಮ್ಮ ಗೇಟು ತಾನೆ?"

ಅವಳ ಕಣ್ಣು ಹೆಸರಿನ ಜಾಗದ ಮೇಲಿರಲಿಲ್ಲ. ಕರೆ ಹೋದ ನಂಬರಿನ ಮೇಲಿತ್ತು. ಆ ನಂಬರು ಅವಳಿಗೆ ಬಾಯಿಪಾಠ. ಹೆರಿಗೆಯಾದ ಮೇಲೆ ಕೂದಲು ಉದುರುವುದಕ್ಕೆ ಏನು ಹಚ್ಚಬೇಕೆಂದು ಅದೇ ನಂಬರಿಗೆ ಅವಳೇ ಎಷ್ಟೋ ಸಲ ಮಾಡಿದ್ದಳು. ಬೇರೆ ಊರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ, ಅತ್ತೆಯ ತಂಗಿಯ ನಂಬರು. ಚಿಕ್ಕತ್ತೆ.

ಎಲ್ಲವೂ ಒಂದರ ಹಿಂದೊಂದು ಬಂದು ಬಿದ್ದವು. ಮಧ್ಯಾಹ್ನವೆಂದರೆ ಮಗು ಮಲಗುವ ಹೊತ್ತು. ‘ಬಂದ್ಯಾ’ ಎಂದು ಕೇಳಿದರೆ ಆ ಕಡೆ ಇರುವುದು ಅಕ್ಕನೋ, ಪರಗಂಡಸೋ, ನಮ್ಮ ಭಾಷೆಯಲ್ಲಿ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಇನ್ನು ‘ಅದು’ ಎಂದರೆ? ಹಾಲು ಕುಡಿಯುವ ಮಗುವೂ ಅದೇ, ಆಗದವರ ಬಾಯಲ್ಲಿ ಅಗ್ನಿಸಾಕ್ಷಿಯಾಗಿ ಬಂದ ಹೆಂಡತಿಯೂ ಅದೇ.

"ಅಯ್ಯೋ," ಎಂದಳು.

"ಏನಾದ್ರೂ ಸಿಕ್ತಾ?" ಎಂದ ಚಿಲ್ಲರೆ.

"ಇಲ್ಲ. ಹಾಗೇ ಅಂದೆ. ಅಭ್ಯಾಸ."

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಚಹಾ ತರುವ ನೆಪ ಮಾಡಿಕೊಂಡು ಕೆಳಗಿಳಿದ. ಅವಳು ಆ ಒಂದು ಸಾಲನ್ನು ಅಳಿಸಿದಳು. ಸಾಲು ಅಳಿಸಿದರೇನು, ಯಾರು ಯಾವಾಗ ಬರೆದರು, ಯಾರು ಯಾವಾಗ ಅಳಿಸಿದರು ಎಂಬುದೆಲ್ಲ ಪ್ರಾಕ್ಸಿಯ ಹೊಟ್ಟೆಯಲ್ಲಿ ಹಾಗೇ ಇರುತ್ತದೆ. ಪರಿಣತ ನಾಳೆ ಚಾಕು ಹಿಡಿದು ಬರುತ್ತಾನೆ. ಯಾಕೆ ಮಾಡಿದೆ ಎಂದು ಕೇಳಿದರೆ ಅವಳ ಬಳಿ ಇರುವ ಉತ್ತರ ಒಂದೇ, ಅದೂ ಹೇಳಬಾರದೆಂದು ಮೊದಲೇ ತಾಕೀತಾದ ಉತ್ತರ: ಮಗು.

ಮನೆಗೆ ಬಂದಾಗ ಅತ್ತೆ ಮಗುವಿನ ಬಾಯಿಂದ ಚಪ್ಪಲಿ ಕಿತ್ತುಕೊಳ್ಳುವ ಹೋರಾಟದಲ್ಲಿದ್ದರು. ಅವಳು ಚೀಲವನ್ನೂ ಇಳಿಸಲಿಲ್ಲ.

"ಅತ್ತೆ, ಮಧ್ಯಾಹ್ನ ಚಿಕ್ಕತ್ತೆಗೆ ಫೋನ್ ಮಾಡ್ತೀರಾ?"

"ಮಾಡ್ತೀನಿ. ಯಾಕೆ, ನನ್ನ ತಂಗಿಗೆ ನಾನು ಮಾಡ್ಬಾರ್ದಾ?"

"ನಾನು ಹಾಕಿಕೊಟ್ಟ ಆ್ಯಪ್‌ನಿಂದ?"

"ಇನ್ಯಾವುದರಿಂದ? ಮೊಬೈಲಿಗೆ ದುಡ್ಡು ಹಾಕಿಸು ಅಂತ ನಿನ್ನ ಗಂಡನಿಗೆ ಹೇಳಿ ಹೇಳಿ ನಾಲಿಗೆ ಸವೀತು. ಇದು ಒತ್ತಿದ್ರೆ ಹೋಗುತ್ತೆ. ಒಂದಿನ ಬೇಜಾರಾಗಿ ಅವಳ ನಂಬರ್ ಒತ್ತಿ ನೋಡ್ದೆ, ಪಕ್ಕದಲ್ಲೇ ಕೂತ ಹಾಗೆ ಕೇಳಿಸ್ತು. ಮನೆಯೋರಿಗೆ ಅಂತ ಕಂಪನಿ ಕೊಟ್ಟಿರೋ ಸವಲತ್ತು ಅಂದ್ಕೊಂಡೆ. ಇವತ್ತೊಂದಿನ ಯಾಕೋ ಹೋಗ್ಲಿಲ್ಲ." ಅತ್ತೆ ಚಪ್ಪಲಿಯನ್ನು ಗೆದ್ದು ಎತ್ತರದಲ್ಲಿಟ್ಟರು. "ನಿನ್ನೆ ಅವಳು ನನ್ನನ್ನ ಚೆನ್ನಾಗಿ ಬೈದಳು ಕಣೇ. ‘ಫೋನ್ ಮಾಡಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ ಯಾಕೆ’ ಅಂತ. ನಾನು ಮಾಡೇ ಇಲ್ಲ ಅಂದ್ರೆ ನಂಬಲೇ ಇಲ್ಲ."

ಸೊಸೆ ನಿಂತಲ್ಲೇ ಎಲ್ಲ ಹೇಳಿದಳು. ಹೃದಯಕ್ಕೆ ಹತ್ತಿರವಾದ ಸಂಖ್ಯೆ, ಯಜಮಾನಿತಿ, ದಿಂಬು, ಅದು. ಅತ್ತೆ ಮೊದಲು ಬಾಯಿ ತೆರೆದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ನಗು ತಡೆಯಲಾರದೆ ನೆಲದ ಮೇಲೆ ಕೂತೇಬಿಟ್ಟರು. ಮಗು ಚಪ್ಪಾಳೆ ತಟ್ಟಿತು.

"ಅತ್ತೆ! ನನ್ನ ಕೆಲಸ ಹೋಗುತ್ತೆ!"

"ಅಲ್ವೇ, ಈ ವಯಸ್ಸಲ್ಲಿ ನನ್ನ ತಂಗಿಗೆ ಇಂಥಾ ಹೆಸರು ಬಂತಲ್ಲೇ! ಗೊತ್ತಾದ್ರೆ ಅವಳು ಕುಣೀತಾಳೆ." ಸೊಸೆಯ ಕಣ್ಣು ತುಂಬಿದ್ದು ಕಂಡು ನಗು ನಿಂತಿತು. "ಬಾ ಇಲ್ಲಿ, ಕೂತ್ಕೊ. ನಾನು ಮಾತಾಡಿದ್ದು ತಾನೆ, ನಾನೇ ಹೇಳ್ತೀನಿ. ಆ ನಿನ್ನ ಆಫೀಸಿನ ಯಜಮಾನನಿಗೆ ಫೋನ್ ಹಚ್ಚಿ ಕೊಡು."

"ಬೇಡ ಅತ್ತೆ! ಅವರು ಕೇಳೋದೇ ಇಲ್ಲ. ಮಗು ಅಂದ ತಕ್ಷಣ ಮನೆಗೆ ಹೋಗು ಅಂತಾರೆ."

"ಹಾಗಾದ್ರೆ ಅವನಿಗೆ ಯಾಕೆ ಹೇಳ್ತೀಯಾ? ಬೈಸ್ಕೊಂಡೋರು ಯಾರು? ಆಯಮ್ಮ. ಅವಳಿಗೆ ಹೇಳು. ‘ನೀವು ಅದು ಅಲ್ಲ’ ಅಂತ ಒಂದು ಮಾತು ಕೇಳಿದ್ರೆ ಸಾಕು ಅವಳಿಗೆ, ನೀರು ಕುಡಿದಷ್ಟು ಸಮಾಧಾನ ಆಗುತ್ತೆ. ಗಂಡನನ್ನ ಆಮೇಲೆ ಅವಳೇ ನೋಡ್ಕೊತಾಳೆ."

ಅವಳು ಒಪ್ಪಲಿಲ್ಲ. ಮಗುವಿಗೆ ಊಟ ಮಾಡಿಸಿದಳು, ಒಪ್ಪಲಿಲ್ಲ. ಅತ್ತೆಯ ಮೊಬೈಲು ತೆಗೆದುಕೊಂಡು ಪಾಸ್‌ವರ್ಡ್ ಎಲ್ಲಿ ತಪ್ಪಿದೆಯೆಂದು ನೋಡಿದಳು. ಮೇಲಿನ ಮನೆಯಾಕೆ ಬರೆದದ್ದೆಲ್ಲ ಸರಿಯೇ ಇತ್ತು, ಮೊದಲ ಇಂಗ್ಲಿಷ್ ಅಕ್ಷರವನ್ನು ಮಾತ್ರ ಮೊಬೈಲು ತನ್ನ ದೊಡ್ಡಸ್ತಿಕೆಗೆ ತಾನೇ ದೊಡ್ಡಕ್ಷರ ಮಾಡಿಬಿಟ್ಟಿತ್ತು. ಅವಳು ಅದನ್ನು ಚಿಕ್ಕದು ಮಾಡಿದಳು. ವಾಚ್‌ಮನ್ ಒಗಟು ಕೇಳಿದ, ಮೊಬೈಲು ಉತ್ತರ ಹೇಳಿತು, ಬಾಗಿಲು ತೆರೆಯಿತು. ಇಷ್ಟೇ! ಒಂದು ಅಕ್ಷರದ ಗಾತ್ರಕ್ಕೆ ಒಬ್ಬರ ಸಂಸಾರ ಸೋಫಾಕ್ಕೆ ಬಂದಿತ್ತು. ಅವಳಿಗೆ ನಗಬೇಕೋ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಸುಮ್ಮನಿದ್ದುಬಿಡೋಣವೇ ಎಂದೂ ಅನ್ನಿಸಿತು. ಪರಿಣತ ದಡ್ಡನಾಗಿದ್ದರೆ? ಹೆಸರಿಗೆ ಪರಿಣತರಾದ ಎಷ್ಟು ದಡ್ಡರನ್ನು ಅವಳು ನೋಡಿಲ್ಲ. ಆದರೆ ಹುಡುಕಲಾರದ ಪರಿಣತ ಏನು ಮಾಡುತ್ತಾನೆಂಬುದೂ ಅವಳಿಗೆ ಗೊತ್ತಿತ್ತು: ಬಿಲ್ಲಿನ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳುತ್ತಾನೆ. ಚಿಲ್ಲರೆ ಮನೆಗೆ ಹೋಗುತ್ತಾನೆ. ಅವಳ ಮುಖ ನೋಡಿಯೂ ಏನೂ ಕೇಳದೆ ಚಹಾ ತರಲು ಇಳಿದುಹೋದ ಚಿಲ್ಲರೆ.

ಅವಳು ಅತ್ತೆಯ ಮೊಬೈಲಿನಿಂದಲೇ, ಮೊದಲನೇ ಖಾತೆಯಲ್ಲಿ ನೋಡಿಟ್ಟುಕೊಂಡಿದ್ದ ಯಜಮಾನಿತಿಯ ನಂಬರು ಒತ್ತಿದಳು. ಈ ಸಲ ಆ್ಯಪ್‌ನಿಂದಲ್ಲ. ಅತ್ತೆ ಮೇಲಿನ ಮನೆಯಾಕೆಗೆ ಹೇಳಿ ದುಡ್ಡು ಹಾಕಿಸಿದ್ದರು.

"ಹಲೋ, ಯಾರು?"

"ಅಯ್ಯೋ, ಮೇಡಂ, ನಾನು ಸಾರ್ ಆಫೀಸಿಂದ..."

"ಓಹೋ, ಈಗ ಆಫೀಸಿನೋರ ಕೈಲಿ ಮಾಡಿಸ್ತಿದಾರಾ? ಇಡಿ ಫೋನು."

"ಇಲ್ಲ ಇಲ್ಲ, ಇಡ್ಬೇಡಿ! ಸಾರ್‌ಗೆ ಗೊತ್ತೇ ಇಲ್ಲ ಇದು. ಮೇಡಂ, ‘ಅದು’ ಅಂದ್ರೆ ನೀವಲ್ಲ. ‘ಅದು’ ಅಂದ್ರೆ ನನ್ನ ಮಗಳು."

ಒಂದೇ ಉಸಿರಿಗೆ ಅವಳು ಎಲ್ಲವನ್ನೂ ಸುರಿದಳು. ಜ್ವರ, ಪಾಸ್‌ವರ್ಡ್, ಒಂದು ಸಾಲು, ಅತ್ತೆ, ಅತ್ತೆಯ ತಂಗಿ, ಹೆಸರಿಲ್ಲದ ಕರೆಗಳೆಲ್ಲ ಹೋಗಿ ಸಾರ್ ತಲೆಯ ಮೇಲೆ ಕೂತದ್ದು. ಉಸಿರು ಮುಗಿದಾಗ ನಿಂತಳು.

"ಚೆನ್ನಾಗಿದೆ ಕತೆ," ಎಂದರು ಯಜಮಾನಿತಿ. "ಸೋಫಾ ಮೇಲೆ ಕೂತು ಹೆಣೆದ್ರಾ ಇದನ್ನ? ನೋಡಮ್ಮಾ, ಫೋನಲ್ಲಿ ಯಾರು ಬೇಕಾದ್ರೂ ಯಾರ ಹೆಸರು ಬೇಕಾದ್ರೂ ಹೇಳ್ಬಹುದು. ನಾನು ಹೇಗೆ ನಂಬ್ಲಿ?"

ಕಾಲೇಜು ಬಿಟ್ಟಾಗಿನಿಂದ ಅವಳು ಸಂಬಳ ತಿಂದಿದ್ದೇ ಈ ಮಾತಿನ ಮೇಲೆ.

"ಒಂದು ಕೇಳ್ತೀನಿ," ಎಂದರು ಯಜಮಾನಿತಿ. "ಆ ಹೆಂಗಸು ಫೋನ್ ಇಡೋ ಮುಂಚೆ ಒಂದು ಮಾತು ಹೇಳಿದ್ಲು. ನಾನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಿಲ್ಲ. ಕೇಳಿ ಮೈಯೆಲ್ಲ ಜುಮ್ಮಂತು ನನಗೆ. ನಿಮ್ಮ ಅತ್ತೆ ತಂಗಿನೇ ಆಗಿದ್ರೆ ಏನಂದ್ಲು ಹೇಳಿ."

ಅವಳು ಮೊಬೈಲನ್ನು ಅಂಗೈಯಿಂದ ಮುಚ್ಚಿ ಅತ್ತೆಯತ್ತ ತಿರುಗಿದಳು. "ಚಿಕ್ಕತ್ತೆ ಫೋನ್ ಇಡುವಾಗ ಏನಂತಾರೆ? ಬೇಗ ಹೇಳಿ ಅತ್ತೆ, ಬೇಗ!"

"ಅವಳಾ? ದಿನಾ ಒಂದೇ. ‘ಇಡ್ತೀನಿ, ಬೇಸಿನ್ನಲ್ಲಿ ಒಂದು ತಲೆ ಇಟ್ಟು ಬಂದಿದೀನಿ’ ಅಂತಾಳೆ. ತಲೆ ತೊಳೆಯೋಕೆ ಬಂದೋರನ್ನ ಬೇಸಿನ್ನಿಗೆ ಒರಗಿಸಿ ಬಂದಿರ್ತಾಳಲ್ಲ." ಸೊಸೆ ಮಾತು ದಾಟಿಸುವವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ, ಮೊಬೈಲಿನ ಕಡೆ ಬಗ್ಗಿ ಕೂಗಿದರು. "ತಲೆ ಕಣಮ್ಮಾ! ಬೇಸಿನ್ನಲ್ಲಿ ತಲೆ! ಪಾರ್ಲರ್ ಇಟ್ಟಿದಾಳೆ ನನ್ನ ತಂಗಿ!"

ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಕೆಮ್ಮು ಎಂದುಕೊಂಡಳು. ಕೆಮ್ಮು ದೊಡ್ಡದಾಗುತ್ತಾ ಹೋಗಿ ನಗುವಾಯಿತು, ನಿಲ್ಲಲಾರದೆ ಬಿಕ್ಕುವ ನಗು.

"ದೇವರೇ," ಎಂದರು ಯಜಮಾನಿತಿ ಕೊನೆಗೆ. "ಇದ್ಯಾವ ಕೊಲೆಗಾತಿ ಜೊತೆ ಸೇರಿದಾರಪ್ಪ ಇವರು ಅಂತ ನಿನ್ನೆಯೆಲ್ಲ ಕಣ್ಣು ಮುಚ್ಚಿಲ್ಲ ನಾನು."

"ನಾಳೆ ಬೆಳಿಗ್ಗೆ ನಾನೇ ಸಾರ್‌ಗೂ ಹೇಳ್ಬಿಡ್ತೀನಿ ಮೇಡಂ. ಕೆಲಸ ಹೋದ್ರೂ..."

"ಏಯ್, ಬಾಯಿ ಮುಚ್ಚು! ಹೇಳಿದ್ರೆ ನಾನೇ ಬಿಡಿಸ್ತೀನಿ ನಿನ್ನನ್ನ ಕೆಲಸದಿಂದ." ಯಜಮಾನಿತಿಯ ದನಿ ತಗ್ಗಿತು. "ಮೊದಲನೇ ಮೆಸೇಜು ಬಂದಾಗಿಂದ ನಮ್ಮ ಮನೇಲಿ ಏನೇನಾಗಿದೆ ಗೊತ್ತಾ? ಮೂರು ವರ್ಷದಿಂದ ಸೋರ್ತಿದ್ದ ನಲ್ಲಿ ನಿಂತಿದೆ. ಕಪಾಟಿನ ಬಾಗಿಲಿಗೆ ತಿರುಪು ಬಂದಿದೆ. ನಾನು ಬಾಯಿಬಿಟ್ಟು ಕೇಳೂ ಇಲ್ಲ. ನಾಳೆ ಬಣ್ಣ ಹೊಡೆಯೋರನ್ನ ಕಳಿಸ್ತೀನಿ ಅಂತ ಈಗ ತಾನೆ ಮೆಸೇಜು ಬಂತು. ಬಣ್ಣ ಒಣಗ್ಲಿ, ಆಮೇಲೆ ನಾನೇ ಕರೆದು ಹೇಳ್ತೀನಿ."

"ಆದ್ರೆ ಮೇಡಂ, ನಾಳೆ ಆ ಪರಿಣತ ಬರ್ತಾನೆ. ಎಲ್ಲಾ ಬಗೆದು ನೋಡ್ತಾನಂತೆ."

"ಕಂಪನಿ ಚೆಕ್ಕಿಗೆ ನಮ್ಮಿಬ್ಬರ ಸಹಿನೂ ಬೇಕು. ನಾನು ಹಾಕಲ್ಲ, ಅವನು ಬರಲ್ಲ. ಅಲ್ಲ, ಮಗು ನೆಪ ಹೇಳ್ಬಾರ್ದು ಅಂದಿದ್ರಾ ಇವರು ನಿನಗೆ? ನಮ್ಮ ಮೂರು ಮಕ್ಕಳ ಜ್ವರದ ನೆಪ ಹೇಳಿ ಇವರು ಬ್ಯಾಂಕಿನೋರಿಂದ ಎಷ್ಟು ಸಲ ತಪ್ಪಿಸ್ಕೊಂಡಿದಾರೆ ಅನ್ನೋದನ್ನೂ ಆವತ್ತೇ ನೆನಪು ಮಾಡ್ತೀನಿ ಇರು." ಏನೋ ನೆನಪಾದಂತೆ ತಡೆದರು. "ಹೂಂ, ಒಂದು ಮಾತು. ನಡುಮನೆಗೆ ತಿಳಿ ಹಳದಿ ಹೊಡೆಸ್ಲಾ, ಬಿಳೀನಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೊಬೈಲನ್ನೇ ಕಿತ್ತುಕೊಂಡಿದ್ದರು. "ಹಳದಿ ಹೊಡೆಸಮ್ಮಾ, ಹಳದಿ. ಬಿಳಿಗೆ ಒಂದು ಕೈ ಮುಟ್ಟಿದ್ರೂ ಕಾಣುತ್ತೆ. ಅಡುಗೆಮನೆಗೆ ಏನು ಹೇಳಿದೀಯ?"